ಕೂತ ಮೇಲೆ ಹೊರಡುವ ಬಸ್ಸು

ಡಿಪೋದಲ್ಲಿ ಅವರನ್ನು ಎಲ್ಲರೂ ಮೇಷ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಅವರು ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಆ ಹೆಸರು ಮಾತ್ರ ಇನ್ನೂ ಸೇವೆಯಲ್ಲೇ ಉಳಿದಿತ್ತು. ನಗರದಲ್ಲಿ ಬಸ್ಸು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವರಿಂದ ಬೈಸಿಕೊಂಡು ಕಲಿತವರು. ಉಳಿದವರು, ಹಾಗೆ ಬೈಸಿಕೊಂಡವರಿಂದ ಬೈಸಿಕೊಂಡು ಕಲಿತವರು.

ಚಾಲಕನ ತಲೆಯ ಮೇಲೆ, ಬಸ್ಸಿನ ಒಳಗನ್ನೆಲ್ಲ ತೋರಿಸುವ ಅಗಲವಾದ ಕನ್ನಡಿಯೊಂದು ಇರುತ್ತದಷ್ಟೆ. ಅದರಲ್ಲಿ ಬಾಗಿಲನ್ನು ನೋಡಿಕೊಂಡರೆ ಸಾಕು ಎಂದು ಬೇರೆ ತರಬೇತುದಾರರು ಹೇಳಿಕೊಡುತ್ತಿದ್ದರು. ಮೇಷ್ಟ್ರಮ್ಮನವರ ಪಾಠವೇ ಬೇರೆ. "ಬಾಗಿಲು ಎಲ್ಲಿಗೂ ಓಡಿಹೋಗಲ್ಲ ಕಣಯ್ಯ. ಮುಖ ನೋಡು. ಯಾರಿಗೆ ತಲೆ ಸುತ್ತುತ್ತಿದೆ, ಯಾರ ಕಂಕುಳಲ್ಲಿ ಮಗು ಇದೆ, ಯಾರು ಹಿಡ್ಕೊಳ್ಳೋಕೆ ಕಂಬ ಹುಡುಕ್ತಿದಾರೆ, ಎಲ್ಲಾ ಮುಖ ಹೇಳುತ್ತೆ. ವಯಸ್ಸಾದವರು ಕೂರೋದಕ್ಕೆ ಮುಂಚೆ ನಿನ್ನ ಚಕ್ರ ತಿರುಗ್ತೋ, ಹೊರಗೆ ಹೋಗಿ ನನ್ನ ಶಿಷ್ಯ ಅಂತ ಹೇಳ್ಕೋಬೇಡ!"

ಆ ಪಾಠವನ್ನು ಅಕ್ಷರಶಃ ಕಲಿತವಳು ಒಬ್ಬಳೇ. ಅವಳ ಕಾಲು ಕ್ಲಚ್ಚಿನ ಮೇಲೆ ಇಳಿಯುವ ನಯವನ್ನು ನೋಡಿಯೇ ಮೇಷ್ಟ್ರಮ್ಮನವರು ಅವಳನ್ನು ಸೊಸೆಯಾಗಿ ತಂದುಕೊಂಡರೆಂದು ಡಿಪೋದ ಕ್ಯಾಂಟೀನಿನಲ್ಲಿ ತಮಾಷೆ ಮಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೇಕರಿಯಲ್ಲಿ ಬ್ರೆಡ್ಡು ಸುಡುವ ಮಗನಿಗೆ ಸೈಕಲ್ಲನ್ನು ಕೂಡ ನೆಟ್ಟಗೆ ಓಡಿಸಲು ಬರುತ್ತಿರಲಿಲ್ಲ. ಮನೆಗೆ ಒಬ್ಬರಾದರೂ ಚಾಲಕರು ಬೇಡವೇ?

ಆಸ್ಪತ್ರೆ ರಸ್ತೆಯ ಬಸ್ಸನ್ನು ಸೊಸೆ ಓಡಿಸುತ್ತಿದ್ದಳು. ಒಂದು ಬೆಳಿಗ್ಗೆ, ಯಾರೋ ಒಬ್ಬ ಆ ಬಸ್ಸಿನ ಕೊನೆಯ ಸಾಲಿನ ಕೆಳಗೆ ಚೀಲವೊಂದನ್ನು ಇಟ್ಟು ಇಳಿದುಹೋದ. ಆಸ್ಪತ್ರೆಯ ಗೇಟು ಕಣ್ಣಿಗೆ ಕಾಣುತ್ತಿದ್ದಾಗ ಬಸ್ಸಿನ ಹಿಂಭಾಗ ಸಿಡಿಯಿತು. ಅದೇ ಹೊತ್ತಿಗೆ ನಗರದ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಬಸ್ಸೂ ಸಿಡಿದಿತ್ತು. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದನ್ನು ಪತ್ರಿಕೆಗಳು ದಿನವೂ ಬರೆದವು. ಭುಜಕ್ಕೆ ಗಾಜು ಹೊಕ್ಕಿದ್ದರೂ ಹ್ಯಾಂಡ್‌ಬ್ರೇಕು ಎಳೆದು, ಬಾಗಿಲು ತೆರೆದು, ಉಸಿರಿದ್ದವರನ್ನು ಹೊರಗೆಳೆದ ಚಾಲಕಿಯನ್ನು ಧೀರೆಯೆಂದು ಹೊಗಳಿಯೂ ಬರೆದವು. ಆ ಮನೆಯಲ್ಲಿ ಅದನ್ನು ಯಾರೂ ಓದಲಿಲ್ಲ.

ಗಾಯ ಮಾಯಿತು. ಕಿವಿಯ ಗುಂಯ್‌ಗುಡುವಿಕೆ ನಿಂತಿತು. ಸೊಸೆ ಮಾತ್ರ ಬಸ್ಸಿನ ಸುದ್ದಿ ಎತ್ತಲಿಲ್ಲ. ಒಂದು ಸಂಜೆ ಡಿಪೋ ಮ್ಯಾನೇಜರ್ ತಾನೇ ಮನೆಗೆ ಬಂದ. ಅವನೂ ಹಳೆಯ ಶಿಷ್ಯನೇ. ಕಲಿಯುವಾಗ ಗೇರು ಹಾಕಿದರೆ ಹಲ್ಲು ಕಡಿದಂತೆ ಸದ್ದಾಗುತ್ತಿದ್ದುದರಿಂದ ಮೇಷ್ಟ್ರಮ್ಮನವರ ಬಾಯಲ್ಲಿ ಅವನು ಇಂದಿಗೂ 'ಕರಕರ'.

"ಮುಂದಿನ ಸೋಮವಾರ ಒಂದು ಡ್ರೈವಿಂಗ್ ಟೆಸ್ಟ್ ಇರುತ್ತೆ," ಎಂದ ಅವನು, ಕುರ್ಚಿಯ ಅಂಚಿನಲ್ಲಿ ಕುಳಿತು. "ಅಂಗಳದಲ್ಲಿ ಎರಡು ಸುತ್ತು, ಅಷ್ಟೇ. ಆಮೇಲೆ ಅದೇ ರೂಟು. ಆಗಲ್ಲ ಅಂದ್ರೆ ಬಲವಂತ ಇಲ್ಲಮ್ಮ. ಪಾಸು ಕೊಡೋ ಕೌಂಟರ್‌ನಲ್ಲಿ ಜಾಗ ಇದೆ. ಆದ್ರೆ ಒಂದ್ಸಲ ಕೌಂಟರ್‌ಗೆ ಹೋದವರು ಮತ್ತೆ ಸ್ಟೀರಿಂಗ್‌ಗೆ ಬಂದದ್ದಿಲ್ಲ."

"ಕೌಂಟರ್ರೇ ಇರಲಿ ಸರ್," ಎಂದಳು ಸೊಸೆ.

ಮೇಷ್ಟ್ರಮ್ಮನವರ ಎದೆ ಧಸಕ್ಕೆಂದಿತು. ಆದರೆ ಎದೆಯಲ್ಲಿದ್ದುದು ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗುವುದು ಅವರ ಜಾಯಮಾನ. "ಕೌಂಟರ್ರು! ಗಾಜಿನ ಹಿಂದೆ ಕೂತ್ಕೊಂಡು ಮೀನಿನ ಹಾಗೆ ಬಾಯಿ ಆಡಿಸ್ತೀಯಾ? ಅದಕ್ಕಾ ನಿಂಗೆ ನಾನು ಕಲಿಸಿದ್ದು?"

"ಮೇಷ್ಟ್ರಮ್ಮ, ಸ್ವಲ್ಪ ಸಮಾಧಾನ..."

"ನೀನು ಸುಮ್ನಿರೋ ಕರಕರ. ಇದು ಅತ್ತೆ ಸೊಸೆ ವಿಷ್ಯ."

"ಅತ್ತೆ ಸೊಸೆ ವಿಷ್ಯ ಆಗಿದ್ರೆ ಚೆನ್ನಾಗಿರ್ತಿತ್ತು ಅತ್ತೆ," ಎಂದು ಸೊಸೆ ಎದ್ದು ಒಳಗೆ ಹೋದಳು. ಬಾಗಿಲನ್ನು ದಡಾರನೆ ಹಾಕಿದ್ದರೆ ಮೇಷ್ಟ್ರಮ್ಮನವರಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಅದನ್ನು ಮೆಲ್ಲಗೆ ಮುಚ್ಚಿಕೊಂಡಳು.

ಆ ವಾರದಲ್ಲೇ ಒಂದು ಮಧ್ಯಾಹ್ನ, ಮುದುಕರೊಬ್ಬರು ಬಾಗಿಲಿಗೆ ಬಂದರು. ತೆಳ್ಳಗಿನ ದೇಹ, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದುಗಳಲ್ಲಿ ಕಬ್ಬಿಣದ ಕಪ್ಪು. ಮಾರ್ಕೆಟ್ಟಿನ ಹಿಂದೆ ಬೀಗ ರಿಪೇರಿ ಮಾಡುವವನು ತಾನು ಎಂದು ಹೇಳಿಕೊಂಡರು. ಆ ದಿನ ಆ ಬಸ್ಸಿನಲ್ಲಿ ತಮ್ಮ ಹೆಂಡತಿ ಇದ್ದಳು, ಬದುಕಿ ಉಳಿಯಲಿಲ್ಲ. ಡಿಪೋದಲ್ಲಿ ವಿಳಾಸ ಕೇಳಿಕೊಂಡು ಬಂದೆ ಎಂದರು.

"ಹೆಚ್ಚೇನೂ ಇಲ್ಲ ತಾಯಿ. ಡ್ರೈವರ್ ಅಮ್ಮನನ್ನ ಒಂದೇ ಒಂದು ಮಾತು ಕೇಳ್ಬೇಕಿತ್ತು. ಅವಳಿಗೆ ಮಂಡಿ ನೋವು. ವಾರ ವಾರ ಆಸ್ಪತ್ರೆಗೆ ಅದಕ್ಕೇ ಹೋಗ್ತಿದ್ದದ್ದು. ಅವತ್ತು ಅವಳಿಗೆ ಸೀಟು ಸಿಕ್ಕಿತ್ತಾ, ಇಲ್ಲಾ ನಿಂತೇ ಇದ್ಲಾ ಅಂತ..."

ಮೇಷ್ಟ್ರಮ್ಮನವರು ಬಾಗಿಲಿಗೆ ಅಡ್ಡವಾಗಿ ನಿಂತರು. ಒಳಗೆ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದವಳನ್ನು ಇನ್ನೂ ಕೆದಕಬೇಕೇ? "ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಪೆಟ್ಟು ಬಿದ್ದ ಮೇಲೆ ಅವಳಿಗೆ ಅವತ್ತಿಂದು ಏನೂ ನೆನಪಿಲ್ಲ," ಎಂದುಬಿಟ್ಟರು.

ಮುದುಕರು ತಲೆಯಾಡಿಸಿದರು. ತೊಂದರೆ ಕೊಟ್ಟದ್ದಕ್ಕೆ ತಾವೇ ಕ್ಷಮೆ ಕೇಳಿದರು. ಮೆಟ್ಟಿಲು ಇಳಿಯುತ್ತ, ಕಿತ್ತುಬರುವಂತಿದ್ದ ಬಾಗಿಲ ಚಿಲಕವನ್ನು ಅಭ್ಯಾಸಬಲದಿಂದ ಒಮ್ಮೆ ಒತ್ತಿನೋಡಿ, "ಇದರ ಸ್ಕ್ರೂ ಸಡಿಲ ಆಗಿದೆ, ನೋಡ್ಕೊಳ್ಳಿ," ಎಂದು ಹೇಳಿ ಹೋದರು.

ತಿರುಗಿದರೆ ಸೊಸೆ ಹಿಂದೆಯೇ ನಿಂತಿದ್ದಳು.

"ಯಾಕತ್ತೆ ಸುಳ್ಳು ಹೇಳಿದ್ರಿ?"

"ನಿನ್ನ ಒಳ್ಳೇದಕ್ಕೇ ಹೇಳಿದೆ."

"ನಂಗೆ ಎಲ್ಲಾ ನೆನಪಿದೆ. ಕಂದು ಬಣ್ಣದ ಶಾಲು ಹೊದ್ದಿದ್ರು. ಮಾರ್ಕೆಟ್ ಸ್ಟಾಪಲ್ಲಿ ಹತ್ತಿದ್ರು. ಕಂಬ ಹಿಡ್ಕೊಂಡು, ಮುಖ ಹಿಂಡ್ಕೊಂಡು ನಿಂತಿದ್ರು. ನಾನು ಬಸ್ಸು ತೆಗೀಲಿಲ್ಲ." ಅವಳ ಮಾತು ವರದಿ ಒಪ್ಪಿಸುವಂತೆ ಸಪಾಟಾಗಿತ್ತು. "ಮೈಕಲ್ಲಿ ಹೇಳಿದೆ, ಶಾಲು ಹೊದ್ದಿರೋ ಅಮ್ಮನಿಗೆ ಯಾರಾದ್ರೂ ಜಾಗ ಕೊಡಿ ಅಂತ. ಹಿಂದಿನ ಕಿಟಕಿ ಸೀಟಿಂದ ಸೆಕ್ಯೂರಿಟಿ ಯೂನಿಫಾರ್ಮ್ ಹಾಕ್ಕೊಂಡಿದ್ದ ಹುಡುಗ ಎದ್ದು ಮುಂದೆ ಬಂದ. ಅವರು ಬೇಡ ಬೇಡ ಅಂದ್ರು. ನಾನೇ ಬಿಡಲಿಲ್ಲ. ನೀವು ಕೂತ ಮೇಲೇ ಬಸ್ಸು ಹೊರಡೋದು ಅಂದೆ. ಹಿಂದೆ ಹೋಗಿ ಕೂತ್ರು. ಆ ಹುಡುಗ ಬದುಕಿದಾನೆ ಅತ್ತೆ. ಎದುರಿನ ಬೀದಿಯಲ್ಲೇ ಡ್ಯೂಟಿ ಮಾಡ್ತಾನೆ."

ಇಷ್ಟು ದಿನ ಮೇಷ್ಟ್ರಮ್ಮನವರು ಅದನ್ನು ಹೆದರಿಕೆ ಎಂದುಕೊಂಡಿದ್ದರು. ಹೆದರಿಕೆಯನ್ನು ಬಿಡಿಸುವುದು ಅವರಿಗೆ ಗೊತ್ತಿತ್ತು. ಇಳಿಜಾರಿನಲ್ಲಿ ನಡುಗಿದವರನ್ನೂ, ಮೊದಲ ದಿನವೇ ಅತ್ತವರನ್ನೂ ಅವರು ದಡ ಮುಟ್ಟಿಸಿದ್ದರು. ಆದರೆ ಇದು ಹೆದರಿಕೆಯಲ್ಲ. ತಮ್ಮ ಪಾಠವೇ ಹುಡುಗಿಯ ಕೊರಳಿಗೆ ಉರುಳಾಗಿ ಬಿದ್ದಿತ್ತು.

ಮಾರನೆಯ ದಿನ ಬೆಳಿಗ್ಗೆಯೇ ಅವರು ಡಿಪೋಕ್ಕೆ ಹೋದರು. ಕರಕರನನ್ನು ಹಿಡಿದು, ಬಸ್ಸೊಂದನ್ನು ಅಂಗಳಕ್ಕೆ ತರಿಸಿ, ಸ್ಟೂಲು ಹತ್ತಿ, ತಾವೇ ಸ್ಪ್ಯಾನರ್ ಹಾಕಿ ಆ ಒಳಗನ್ನಡಿಯನ್ನು ಬಿಚ್ಚಿ ತೆಗೆದರು. ಕಾಣದಿದ್ದರೆ ಕಾಡುವುದೂ ಇಲ್ಲ ಎಂಬುದು ಅವರ ಲೆಕ್ಕಾಚಾರ. ಕೈಗೆ ಗ್ರೀಸು ಮೆತ್ತಿಕೊಂಡು ಅವರು ಕೆಳಗಿಳಿದಾಗ ಕರಕರ ಬಾಯಿ ತೆರೆದು ನೋಡುತ್ತಿದ್ದ.

"ಮೇಷ್ಟ್ರಮ್ಮ, ಕನ್ನಡಿ ನೋಡಲಿಲ್ಲ ಅಂತ ನನ್ನನ್ನ ಒಂದ್ಸಲ ಬಸ್ಸಿಂದ ಇಳಿಸಿ ನಡೆಸಿದ್ರಿ, ನೆನಪಿದೆಯಾ?"

"ನೀನು ನಡೆದು ಹಾಳಾಗಿದ್ದೇನೂ ಇಲ್ಲ. ಮ್ಯಾನೇಜರ್ ಆದೆ."

ಅಭ್ಯಾಸಕ್ಕೆ ಎಂದು ಹೇಳಿ ಸೊಸೆಯನ್ನು ಕರೆಸಿದರು. ಬರುವುದಿಲ್ಲ ಎಂದುಕೊಂಡಿದ್ದರು, ಅವಳು ಬಂದಳು. ಚಾಲಕಿಯ ಸೀಟಿನಲ್ಲಿ ಕುಳಿತು, ತಲೆಯೆತ್ತಿ, ಕನ್ನಡಿ ಇರಬೇಕಾದಲ್ಲಿ ಉಳಿದಿದ್ದ ಎರಡು ಬೋಲ್ಟಿನ ತೂತುಗಳನ್ನು ನೋಡಿದಳು. ಇಂಜಿನ್ ಚಾಲೂ ಮಾಡಿದಳು. ಬಸ್ಸು ತೊಳೆಯುವ ಜಾಗವನ್ನು ಬಳಸಿ, ಟೈರುಗಳ ರಾಶಿಯನ್ನು ದಾಟಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತು. ಹಿಂದೆ ಕುಳಿತಿದ್ದ ಮೇಷ್ಟ್ರಮ್ಮನವರು ಕರಕರನ ತೊಡೆಯ ಮೇಲೊಂದು ಏಟು ಹಾಕಿದರು. "ನೋಡಿದ್ಯಾ? ಕ್ಲಚ್ಚು ಅಂದ್ರೆ ಹೀಗಿರ್ಬೇಕು!"

ಕಲಿಯುವವರಿಗಾಗಿ ಅಂಗಳದಲ್ಲಿ ಬಣ್ಣದಿಂದ ಬರೆದ ಸ್ಟಾಪೊಂದಿತ್ತು. ಅಲ್ಲಿ ಅವಳು ನಿಲ್ಲಿಸಿದಳು. ಬಾಗಿಲು ತೆರೆದಳು, ಮುಚ್ಚಿದಳು. ಬಸ್ಸು ಕದಲಲಿಲ್ಲ.

"ಏನಾಯ್ತೇ?"

"ಹಿಂದೆ ಯಾರಿದಾರೆ ಅತ್ತೆ?"

"ಯಾರೂ ಇಲ್ಲ. ನಾನು, ಈ ಕರಕರ. ಅಷ್ಟೇ."

"ಅದು ನೀವು ಹೇಳೋದು. ನಂಗೆ ಕಾಣ್ತಿಲ್ಲ." ಅವಳು ಮತ್ತೆ ಆ ತೂತುಗಳ ಕಡೆಗೆ ತಲೆಯೆತ್ತಿದಳು. "ಕನ್ನಡಿ ಇದ್ರೆ ಎಲ್ಲಿ ಆ ಶಾಲಿನ ಅಮ್ಮ ಕಂಡುಬಿಡ್ತಾರೋ ಅನ್ನೋ ಭಯ. ಕನ್ನಡಿ ಇಲ್ದಿದ್ರೆ ಅವರನ್ನ ಬಿಟ್ಟು ಬೇರೆ ಯಾರೂ ಕಾಣ್ತಿಲ್ಲ. ಕೂತಿದಾರೋ ನಿಂತಿದಾರೋ ಗೊತ್ತಿಲ್ದೆ ನಾನು ಹೇಗೆ ತೆಗೀಲಿ?"

ಮೇಷ್ಟ್ರಮ್ಮನವರು ಎದ್ದು ಮುಂದೆ ಬಂದರು. ಜೀವಮಾನದಲ್ಲಿ ಯಾರ ಮುಂದೆಯೂ ತಗ್ಗದ ದನಿ ಆಗ ತಗ್ಗಿತು. "ಇನ್ಮೇಲೆ ಬಾಗಿಲು ಮಾತ್ರ ನೋಡು ಮಗಳೇ. ಲೋಕದವರೆಲ್ಲ ಹಾಗೇ ಓಡಿಸ್ತಾರೆ. ನಾನು ಕಲಿಸಿದ್ದೇ ತಪ್ಪು ಅಂತ ಬೇಕಾದ್ರೆ ಈ ಕರಕರನ ಮುಂದೆ ಒಪ್ಕೋತೀನಿ."

ಸೊಸೆ ಇಂಜಿನ್ ಆರಿಸಿದಳು.

"ಒಪ್ಕೋಬೇಡಿ. ಆ ತಾತ ಕೇಳಿದ್ರಲ್ಲ, ಅದಕ್ಕೆ ಉತ್ತರ ಈ ಊರಲ್ಲಿ ಬೇರೆ ಯಾರ ಹತ್ರಾನೂ ಇಲ್ಲ. ಬಾಗಿಲು ನೋಡ್ಕೊಂಡಿದ್ರೆ ನನ್ನ ಹತ್ರಾನೂ ಇರ್ತಿರಲಿಲ್ಲ. ಕನ್ನಡಿ ಹಾಕ್ಸಿ. ನಾನು ಮೊದ್ಲು ಆ ಮಾರ್ಕೆಟ್ಟಿಗೆ ಹೋಗಿಬರ್ಬೇಕು."

"ಬೇಡ ಕಣೇ. ಹೆಂಡತಿ ಕಳ್ಕೊಂಡವರು. ಬಾಯಿಗೆ ಬಂದದ್ದು ಅಂದುಬಿಟ್ರೆ?"

"ಅನ್ನಲಿ."

ಬೀಗದ ಅಂಗಡಿ ಒಂದು ಕಪಾಟಿನಷ್ಟೇ ದೊಡ್ಡದಾಗಿತ್ತು. ಗೋಡೆಯ ತುಂಬ ಕೀಲಿಗೊಂಚಲುಗಳು. ನಡುವೆ ಬಲ್ಬಿನ ಕೆಳಗೆ ಮುದುಕರು ಕೀಲಿಯೊಂದಕ್ಕೆ ಅರ ಹಾಕುತ್ತಿದ್ದರು. ಇಬ್ಬರನ್ನೂ ನೋಡಿ ಕನ್ನಡಕ ಸರಿಪಡಿಸಿಕೊಂಡು, ಸ್ಟೂಲುಗಳನ್ನು ಮುಂದಕ್ಕೆ ತಳ್ಳಿದರು. ಮೇಷ್ಟ್ರಮ್ಮನವರು ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟರು: "ಯಜಮಾನ್ರೇ, ಮೊನ್ನೆ ನಾನು ಹೇಳಿದ್ದು ಸುಳ್ಳು. ಅವಳಿಗೆ ನೆನಪಿದೆ."

"ಗೊತ್ತಾಯ್ತು ತಾಯಿ. ಬಾಗಿಲಿಗೆ ಅಡ್ಡ ನಿಂತವರು ನಿಜ ಹೇಳೋದು ಕಡಿಮೆ."

ಸೊಸೆ ಕುಳಿತುಕೊಳ್ಳಲಿಲ್ಲ. "ಸೀಟು ಸಿಕ್ಕಿತ್ತು ತಾತ."

ಅರದ ಕೆಲಸ ನಿಲ್ಲಲಿಲ್ಲ, ನಿಧಾನವಾಯಿತು. "ಕಿಟಕಿ ಪಕ್ಕಾನಾ?"

"ಕಿಟಕಿ ಪಕ್ಕ. ಕೂತ ತಕ್ಷಣ ನಿದ್ದೆ ಹೋದ್ರು. ಬಾಯಿ ಸ್ವಲ್ಪ ತೆಗೆದಿತ್ತು."

ಮುದುಕರ ಮುಖದಲ್ಲಿ ನಗು ತಾನಾಗಿ ಮೂಡಿತು. "ಬಸ್ಸಲ್ಲಿ ನಿದ್ದೆ ಮಾಡಲ್ಲ, ಬರೀ ಕಣ್ಣು ಮುಚ್ಚಿರ್ತೀನಿ ಅಂತ ನನ್ನ ಹತ್ರ ವಾದ ಮಾಡ್ತಿದ್ಲು. ಸಿಕ್ಕಿಬಿದ್ಲು ನೋಡಿ."

"ಆ ಸೀಟು ಹಿಂದುಗಡೆ ಇತ್ತು ತಾತ. ಅವರು ಮುಂದೆ ಕಂಬ ಹಿಡ್ಕೊಂಡು ನಿಂತಿದ್ರು. ಬೇಡ ಅಂದ್ರು. ನಾನೇ ಬಲವಂತ ಮಾಡಿ ಕಳ್ಸಿದೆ. ಮುಂದೆ ನಿಂತಿದ್ದವರೆಲ್ಲ ಉಳ್ಕೊಂಡ್ರು."

ಈಗ ಅರ ನಿಂತಿತು. ಹೊರಗೆ ಮಾರ್ಕೆಟ್ಟಿನಲ್ಲಿ ಯಾರೋ ಬೆಲೆ ಕೂಗುತ್ತಿದ್ದರು. ಮುದುಕರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು.

"ಈಗ ಹೋಗಿ ನೀವು," ಎಂದರು.

ಇಬ್ಬರೂ ಹೊರಟರು. ಮೇಷ್ಟ್ರಮ್ಮನವರು ಸೊಸೆಯ ಮೊಣಕೈ ಹಿಡಿದುಕೊಂಡು ಬೀದಿಗೆ ಇಳಿದಾಗ ಹಿಂದಿನಿಂದ ದನಿ ಬಂತು.

"ಇಲ್ಲಿ ನೋಡಮ್ಮ. ನಿನ್ನ ತಪ್ಪಿಲ್ಲ ಅಂತ ಹೇಳೋಕೆ ನಂಗೆ ಇವತ್ತು ಬಾಯಿ ಬರ್ತಿಲ್ಲ. ನಾಳೆ ಬರುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಒಂದು ಕೇಳ್ತೀನಿ. ನಾಳೆ ನಿನ್ನ ಬಸ್ಸಿಗೆ ಮಂಡಿ ನೋವಿರೋ ಇನ್ನೊಬ್ಳು ಹತ್ತಿದ್ರೆ ಏನ್ ಮಾಡ್ತೀಯ?"

ಮೇಷ್ಟ್ರಮ್ಮನವರು ಬಾಯಿ ತೆರೆಯಹೋದರು. ಸೊಸೆ ಅವರ ಕೈಯನ್ನು ಅದುಮಿದಳು.

"ಕೂರಿಸ್ತೀನಿ."

"ಹ್ಞೂಂ," ಎಂದರು ಮುದುಕರು. ಅಷ್ಟೇ. ಅರ ಮತ್ತೆ ಸದ್ದು ಮಾಡತೊಡಗಿತು.

ಸೋಮವಾರದ ಪರೀಕ್ಷೆ ಒಂದು ಸಮಸ್ಯೆಯೇ ಆಗಲಿಲ್ಲ. ಕನ್ನಡಿ ಅದರ ಜಾಗಕ್ಕೆ ಮರಳಿತ್ತು. ಅದರೊಳಗೆ ಕುಳಿತಿದ್ದ ಕರಕರನ ಮುಖವನ್ನು ಪ್ರತಿ ಸುತ್ತಿನಲ್ಲೂ ನೋಡಿ ಅವಳು ಬಸ್ಸು ತೆಗೆದಳು. ಎರಡನೆಯ ಸುತ್ತಿಗೆ ಅವಳ ಹಣೆಯ ಬೆವರು ಆರಿತ್ತು. ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ, ಆಸ್ಪತ್ರೆಯ ರಸ್ತೆಯಲ್ಲಿ ಕಾದಿತ್ತು.

ಮೇಷ್ಟ್ರಮ್ಮನವರು ಮೊದಲ ಸ್ಟಾಪಿನಲ್ಲೇ ಹತ್ತಿಕೊಂಡು ಚಾಲಕಿಯ ಬೆನ್ನಿಗೆ ಕಂಬ ಹಿಡಿದು ನಿಂತರು. ಕೂರಲು ಹೇಳಿದ್ದಕ್ಕೆ, "ತರಬೇತಿ ಕೊಡೋರು ಯಾವತ್ತೂ ಕೂರಲ್ಲ. ನಾನು ಪ್ರಯಾಣಿಕಳಲ್ಲ, ನೀನು ಸುಮ್ನೆ ಓಡ್ಸು," ಎಂದು ಗದರಿದರು. ಬಸ್ಸು ತುಂಬುತ್ತ ಬಂತು. ತುಂಬಿದ ರೀತಿ ಮಾತ್ರ ವಿಚಿತ್ರವಾಗಿತ್ತು. ಮುಂದಿನ ಸೀಟುಗಳೆಲ್ಲ ಭರ್ತಿ: ಬ್ಯಾಂಡೇಜು ಸುತ್ತಿದ ಕಾಲುಗಳು, ಬಸುರಿಯರು, ಮಡಿಲಲ್ಲಿ ಕೂಸುಗಳು. ಉಳಿದವರು ಬಾಗಿಲ ಬಳಿ ಒಬ್ಬರ ಮೇಲೊಬ್ಬರು ಒತ್ತಿಕೊಂಡು ನಿಂತಿದ್ದರು. ಹಿಂದಿನ ಅರ್ಧ ಬಸ್ಸು ಭಣಗುಡುತ್ತಿತ್ತು. ಆ ಘಟನೆಯ ನಂತರ ನಗರದ ಯಾವ ಬಸ್ಸಿನಲ್ಲೂ ಯಾರೂ ಹಿಂದೆ ಕೂರುತ್ತಿರಲಿಲ್ಲ. ಯಾರೂ ಆಜ್ಞೆ ಹೊರಡಿಸಿರಲಿಲ್ಲ. ಊರಿಗೆ ಊರೇ ಹಾಗೆ ತೀರ್ಮಾನಿಸಿಬಿಟ್ಟಿತ್ತು.

ಮಾರ್ಕೆಟ್ ಸ್ಟಾಪಿನಲ್ಲಿ ಕೋಲೂರಿಕೊಂಡು ಒಬ್ಬ ಅಜ್ಜಿ ಹತ್ತಿದರು. ಗುಂಪಿನಲ್ಲಿ ತೂರಿಕೊಂಡು ಕಂಬಕ್ಕೆ ಜೋತುಬಿದ್ದರು. ಬಾಗಿಲು ಮುಚ್ಚಿತು. ಬಸ್ಸು ಕದಲಲಿಲ್ಲ.

ಮೇಷ್ಟ್ರಮ್ಮನವರು ಕನ್ನಡಿಯನ್ನು ನೋಡಿದರು. ಸೊಸೆಯ ಕಣ್ಣು ಆ ಅಜ್ಜಿಯ ಮುಖದ ಮೇಲೆ ನಿಂತಿತ್ತು.

"ಕೋಲು ಹಿಡ್ಕೊಂಡಿರೋ ಅಜ್ಜಿ," ಎಂದಿತು ಮೈಕು, "ಹಿಂದೆ ಸೀಟು ಖಾಲಿ ಇದೆ."

"ಬೇಡಮ್ಮ, ನಾನಿಲ್ಲೇ ಇರ್ತೀನಿ."

"ನೀವು ಕೂತ ಮೇಲೇ ಬಸ್ಸು ಹೊರಡೋದು."

ಗುಂಪಿನಲ್ಲಿ ಗುಸುಗುಸು ಎದ್ದಿತು. "ಡ್ಯೂಟಿಗೆ ಹೊತ್ತಾಯ್ತು, ತೆಗೀರಮ್ಮ!" ಎಂದರು ಯಾರೋ. "ಬೇಡ ಅಂತಿದಾರಲ್ಲ, ಇವರಿಗ್ಯಾಕೆ ಹಟ?" ಎಂದರು ಇನ್ನೊಬ್ಬರು. ಸೊಸೆ ಹ್ಯಾಂಡ್‌ಬ್ರೇಕು ಎಳೆದು ಸೀಟಿನಿಂದ ಎದ್ದಳು. ಜನ ದಾರಿ ಬಿಟ್ಟರು. ಅವಳು ಹಿಂದಕ್ಕೆ ನಡೆದುಹೋಗಿ, ಮಂಡಿಯೂರಿ, ಒಂದೊಂದೇ ಸೀಟಿನ ಕೆಳಗೆ ಬಗ್ಗಿ ನೋಡುತ್ತ ಬಂದಳು. ಅವಸರ ಮಾಡಲಿಲ್ಲ. ಕೊನೆಯ ಸಾಲಿನ ಮುಂದೆ ಮಾತ್ರ ಅವಳ ಬೆನ್ನು ಒಂದು ಕ್ಷಣ ಸೆಟೆದು ನಿಂತದ್ದು ಮೇಷ್ಟ್ರಮ್ಮನವರಿಗೆ ಕಾಣಿಸಿತು. ಅಲ್ಲಿಯೂ ಬಗ್ಗಿದಳು. ಎದ್ದು, ಸಮವಸ್ತ್ರದ ಮಂಡಿಯ ಧೂಳು ಕೊಡವಿಕೊಂಡು, ಮುಂದೆ ಬಂದು ತನ್ನ ಜಾಗದಲ್ಲಿ ಕುಳಿತಳು.

"ನೋಡಿದೀನಿ. ಏನೂ ಇಲ್ಲ. ಇನ್ನು ಕೂತ್ಕೊಳ್ಳಿ."

ಯಾರೂ ಅಲುಗಲಿಲ್ಲ.

ಆಗ ಕನ್ನಡಿಯಲ್ಲಿ ಸೊಸೆಯ ಕಣ್ಣು ಅಜ್ಜಿಯನ್ನು ಬಿಟ್ಟು ಅತ್ತೆಯ ಮೇಲೆ ಬಂದು ನಿಂತಿತು. ಬೇಡಿಕೊಳ್ಳುವ ನೋಟವಲ್ಲ ಅದು. ಪ್ರಯಾಣಿಕರನ್ನು ನೋಡುವ ನೋಟ. ವಯಸ್ಸಾದವರು, ನಿಂತಿದ್ದಾರೆ. ತರಬೇತಿ ಕೊಡುವವರು ಕೂರುವುದಿಲ್ಲವೆಂಬ ಮಾತನ್ನು ಮತ್ತೊಮ್ಮೆ ಆಡಲು ಹೊರಟ ಮೇಷ್ಟ್ರಮ್ಮನವರಿಗೆ ಅದು ನಿಜವಲ್ಲವೆಂದು ಆಗಲೇ ತಿಳಿದದ್ದು. ಅವರ ಕೈ ಕಂಬವನ್ನು ಬಿಡಲೊಲ್ಲದು. ಸೊಸೆಯನ್ನು ಇಷ್ಟು ದಿನ ಮೂದಲಿಸಿದ ತಾವು, ಆ ಖಾಲಿ ಸೀಟುಗಳ ಕಡೆಗೆ ಒಂದು ಹೆಜ್ಜೆ ಇಡಲೂ ಹೆದರಿ ನಿಂತಿದ್ದರು.

"ಏ ಕಾಲೇ, ನಡೀ," ಎಂದು ಅವರು ತಮ್ಮ ಕಾಲಿಗೇ ಗದರಿದರು. ಪಕ್ಕದಲ್ಲಿದ್ದವನು ತನಗೇ ಅಂದರೆಂದು ಬೆಚ್ಚಿ ಸರಿದ. ನಡೆದರು. ಕೊನೆಯ ಸಾಲಿನ ಮುಂದಿನ ಕಿಟಕಿಯ ಸೀಟಿಗೆ ಹೋಗಿ, ದೊಪ್ಪನೆ ಕುಳಿತು, ಉಸಿರು ಬಿಟ್ಟರು.

"ಬನ್ನಿ ಅಮ್ಮ, ನನ್ನ ಪಕ್ಕ ಬನ್ನಿ. ಆ ಡ್ರೈವರು ಕೇಳೋಳಲ್ಲ. ಅವಳು ಸಂಜೆವರೆಗೂ ಹೀಗೇ ನಿಲ್ಲಿಸ್ತಾಳೆ, ನಂಗೊತ್ತು."

ಅಜ್ಜಿ ಆ ಕಡೆ ಈ ಕಡೆ ನೋಡಿದರು. ಆಮೇಲೆ ಕೋಲನ್ನು ಟಕಟಕ ಕುಟ್ಟುತ್ತ ಬಂದರು. ಬಂದವರು ಕೂರಲಿಲ್ಲ. "ನಂಗೆ ಕಿಟಕಿ ಬೇಕು. ಗಾಳಿ ಇಲ್ದಿದ್ರೆ ವಾಂತಿ ಬರುತ್ತೆ."

"ಓಹೋ! ಹಿಂದೆ ಬರೋಕೆ ಭಯ, ಕಿಟಕಿಗೆ ಆಸೆ," ಎಂದು ಗೊಣಗುತ್ತ ಮೇಷ್ಟ್ರಮ್ಮನವರು ಜಾಗ ಬಿಟ್ಟುಕೊಟ್ಟು ಈಚೆಗೆ ಸರಿದರು. ಬಾಗಿಲ ಬಳಿ ಯಾರೋ ನಕ್ಕರು. ನಕ್ಕವನೇ ನಾಚಿಕೊಂಡು ಬಂದು ಎದುರು ಸಾಲಿನಲ್ಲಿ ಕುಳಿತ. ಅವನ ಹಿಂದೆ ಚೀಲ ಹಿಡಿದ ಹೆಂಗಸೊಬ್ಬಳು ಬಂದು, ಚೀಲವನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಉಳಿದವರು ನಿಂತೇ ಇದ್ದರು. ಇರಲಿ, ಅವರ ಕಾಲು ಗಟ್ಟಿಯಾಗಿತ್ತು.

ಕನ್ನಡಿಯಲ್ಲಿ ಸೊಸೆಯ ಕಣ್ಣು ಒಂದೊಂದೇ ಮುಖದ ಮೇಲೆ ಸರಿಯುತ್ತ ಹಿಂದಿನವರೆಗೂ ಬಂತು. ಹ್ಯಾಂಡ್‌ಬ್ರೇಕು ಇಳಿಯಿತು. ಬಸ್ಸು ಆಸ್ಪತ್ರೆಯ ಕಡೆಗೆ ಹೊರಟಿತು.

"ಯಾರಮ್ಮ ಈ ಹಟಮಾರಿ ಡ್ರೈವರು?" ಅಜ್ಜಿ ಕಿಟಕಿಗೆ ಮುಖ ಒಡ್ಡಿಕೊಂಡು ಕೇಳಿದರು.

"ನನ್ನ ಸೊಸೆ."

"ಅಯ್ಯೋ ಪಾಪ. ಅಂಥೋಳ ಜೊತೆ ಹೇಗೆ ಬಾಳ್ತೀರಿ?"

"ಹೇಳಿದ ಹಾಗೆ ಕೇಳ್ಕೊಂಡು," ಎಂದರು ಮೇಷ್ಟ್ರಮ್ಮನವರು, ಮುಂದಿನ ಸೀಟಿನ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೇ.